ಗ್ರಿಡ್ ಇಲ್ಲದ ಕ್ಯಾಬಿನ್, ಮೈನಸ್ 12ರ ರಾತ್ರಿ, ದಿನಕ್ಕೆ ಎರಡು ಬಿಸಿನೀರಿನ ಶವರ್: ಒಂದು ಪ್ರಕರಣ ಅಧ್ಯಯನ

ಪರಿಸ್ಥಿತಿ

ಮರದಿಂದ ಕಟ್ಟಿದ ಒಂದೇ ಕೋಣೆಯ ಕ್ಯಾಬಿನ್. ಮೂಲೆಯಲ್ಲಿ 1.2 ಮೀಟರ್‌ಗೆ 1.5 ಮೀಟರ್‌ನ ಬಚ್ಚಲು. ವಿದ್ಯುತ್ ಲೈನ್ ಇಲ್ಲ, ನಲ್ಲಿ ನೀರೂ ಇಲ್ಲ. ಛಾವಣಿಯ ಮೇಲೆ 300 ವ್ಯಾಟ್‌ನ ಸೋಲಾರ್ ಪ್ಯಾನೆಲ್, ಒಳಗೆ 12 ವೋಲ್ಟ್, 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಕೋಣೆಯ ನಡುವೆ 8 ಕಿಲೋವ್ಯಾಟ್‌ನ ಕಬ್ಬಿಣದ ಸೌದೆ ಒಲೆ. ನೀರನ್ನು ಕ್ಯಾನುಗಳಲ್ಲಿ ಹೊತ್ತು ತಂದು ಒಳಗಿನ 200 ಲೀಟರ್ ತೊಟ್ಟಿಗೆ ತುಂಬಬೇಕು. ತೊಟ್ಟಿಯ ನೀರು ಚಳಿಗಾಲದಲ್ಲಿ 4 ಡಿಗ್ರಿ ಸೆಲ್ಸಿಯಸ್ ಇರುತ್ತದೆ.

ಬರುವವರು ಇಬ್ಬರು. ಶುಕ್ರವಾರ ರಾತ್ರಿ ಬಂದು ಭಾನುವಾರ ಸಂಜೆ ಹೊರಡುತ್ತಾರೆ. ಆಮೇಲೆ ಕ್ಯಾಬಿನ್ ಒಂದು ವಾರವೋ ಮೂರು ವಾರವೋ ಬೀಗ ಹಾಕಿಕೊಂಡೇ ಇರುತ್ತದೆ. ರಾತ್ರಿ ಹೊರಗೆ ಮೈನಸ್ 12 ಡಿಗ್ರಿ ಸಾಮಾನ್ಯ, ಕೆಲವೊಮ್ಮೆ ಮೈನಸ್ 20. ಒಲೆ ಆರಿ ಎರಡು ದಿನವಾದರೆ ಒಳಗಿನ ತಾಪವೂ ಸೊನ್ನೆಗಿಂತ ಕೆಳಗಿಳಿಯುತ್ತದೆ.

ಈ ಕೊನೆಯ ಸಾಲಿನಲ್ಲೇ ಇಡೀ ಪ್ರಕರಣ ಅಡಗಿದೆ. ಒಲೆ ಉರಿಯುತ್ತಿರುವ ಮನೆಯಲ್ಲಿ ನೀರು ಕಾಯಿಸುವುದು ಸುಲಭ. ಯಾರೂ ಇಲ್ಲದ ದಿನಗಳಲ್ಲಿ ಕೊಳವೆ, ಪಂಪು, ನಲ್ಲಿ ಇವುಗಳ ಯಾವ ಸಂದಿಯಲ್ಲೂ ನೀರು ಉಳಿಯದಂತೆ ನೋಡಿಕೊಳ್ಳುವುದು ಕಷ್ಟ. ಹಾಗಾಗಿ ಇಂಥ ಕಡೆ ವಿನ್ಯಾಸವನ್ನು ಖಾಲಿ ಮಾಡುವ ಕಡೆಯಿಂದ ಶುರು ಮಾಡಿ ಹಿಂದಕ್ಕೆ ಬರಬೇಕು. ಹೀಟರ್ ಯಾವುದು ಎಂಬುದು ಕೊನೆಯ ಪ್ರಶ್ನೆ.

ಎಷ್ಟು ಶಾಖ ಬೇಕು

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 1.163 ವ್ಯಾಟ್-ಅವರ್ ಬೇಕು. ಮೈ ಒದ್ದೆ ಮಾಡಿಕೊಂಡು, ನೀರು ನಿಲ್ಲಿಸಿ ಸೋಪು ಹಚ್ಚಿಕೊಂಡು, ಮತ್ತೆ ತೊಳೆದುಕೊಳ್ಳುವ ಕ್ರಮದಲ್ಲಿ ಒಬ್ಬರಿಗೆ 25 ಲೀಟರ್ ಸಾಕು, ತಲೆಸ್ನಾನವೂ ಇದರಲ್ಲೇ ಆಗುತ್ತದೆ. ಶವರ್ ಬಾಯಿಂದ ಮೈಗೆ ಬೀಳುವಷ್ಟರಲ್ಲಿ ನೀರು ಒಂದೆರಡು ಡಿಗ್ರಿ ತಣಿಯುವುದರಿಂದ 42 ಡಿಗ್ರಿಗೆ ಹದ ಮಾಡಬೇಕು. 4ರಿಂದ 42ಕ್ಕೆ, ಅಂದರೆ 38 ಡಿಗ್ರಿ ಏರಿಕೆ. 25 × 38 × 1.163 ಅಂದರೆ 1,105 ವ್ಯಾಟ್-ಅವರ್, ಸುಮಾರು 1.1 ಯೂನಿಟ್. ಇಬ್ಬರಿಗೆ 2.2 ಯೂನಿಟ್.

ಬ್ಯಾಟರಿಯಲ್ಲಿರುವುದು ಒಟ್ಟು 1.28 ಯೂನಿಟ್. ಚಳಿಗಾಲದ ಮೋಡದ ದಿನದಲ್ಲಿ ಒಂದೂವರೆ ಗಂಟೆಯಷ್ಟು ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಸಿಕ್ಕರೆ 300 ವ್ಯಾಟ್ ಪ್ಯಾನೆಲ್ ಕೊಡುವುದು, ನಷ್ಟ ಕಳೆದು, 0.35 ಯೂನಿಟ್. ಆದ್ದರಿಂದ ವಿದ್ಯುತ್ ಗೀಸರ್ ಮಾತನ್ನು ಇಲ್ಲಿಗೇ ಬಿಡಬಹುದು. ಬ್ಯಾಟರಿಯಿಂದ ನೀರನ್ನು ಎತ್ತಬಹುದು, ಕಾಯಿಸಲಾಗದು. ಪಂಪಿಗೆ ಬೇಕಾಗುವುದು ಸ್ನಾನಕ್ಕೆ ಬರೀ 4-5 ವ್ಯಾಟ್-ಅವರ್.

ಸೋಲಾರ್ ವಾಟರ್ ಹೀಟರ್ ಬಗ್ಗೆ ಕೇಳುವವರು ಬಹಳ. ನಿರ್ವಾತ ಕೊಳವೆಯ ಹೀಟರ್ ಚಳಿಯಲ್ಲೂ ಕೆಲಸ ಮಾಡುತ್ತದೆ, ನಿಜ. ಆದರೆ ಈ ಕ್ಯಾಬಿನ್‌ಗೆ ವಾರದ ಬಿಸಿಲಿನ ಬಹುಪಾಲು ಬೀಳುವುದು ಯಾರೂ ಇಲ್ಲದ ದಿನಗಳಲ್ಲಿ. ಆ ಶಾಖವನ್ನು ಶುಕ್ರವಾರದವರೆಗೆ ಹಿಡಿದಿಡಬೇಕಾದರೆ ನೀರು ತುಂಬಿದ ಟ್ಯಾಂಕನ್ನು ಹಿಮದಲ್ಲಿ ಕಾವಲಿಲ್ಲದೆ ಬಿಡಬೇಕು, ಇಲ್ಲವೇ ಹಿಮಕ್ಕೆ ಹೆಪ್ಪುಗಟ್ಟದ ಗ್ಲೈಕಾಲ್ ದ್ರವದ ಸರ್ಕ್ಯೂಟ್, ಪಂಪು, ಕಂಟ್ರೋಲರ್ ಎಲ್ಲ ಜೋಡಿಸಬೇಕು. ವರ್ಷವಿಡೀ ವಾಸವಿರುವ ಮನೆಗೆ ಅದು ಒಳ್ಳೆಯ ದಾರಿ. ಇಲ್ಲಿಗಲ್ಲ.

ಮೊದಲಿದ್ದ ವ್ಯವಸ್ಥೆ ಏಕೆ ಸೋತಿತು

ಮೊದಲು ಇದ್ದದ್ದು ಹೊರಗೋಡೆಗೆ ನೇತುಹಾಕಿದ, ನಿಮಿಷಕ್ಕೆ 6 ಲೀಟರ್‌ನ ತತ್‌ಕ್ಷಣದ ಗ್ಯಾಸ್ ಹೀಟರ್. ನೀರಿಗೆ ಇಳಿಯುವ ಶಾಖ 10.5 ಕಿಲೋವ್ಯಾಟ್. ಅದು ನಾಲ್ಕು ರೀತಿಯಲ್ಲಿ ಕೈಕೊಟ್ಟಿತು. ಒಂದೊಂದಕ್ಕೂ ಕಾರಣ ಬೇರೆ ಬೇರೆ, ಎಲ್ಲವನ್ನೂ "ಹೀಟರ್ ಸರಿಯಿಲ್ಲ" ಎಂದು ಒಂದೇ ಗಂಟಿಗೆ ಕಟ್ಟಿದರೆ ರಿಪೇರಿಯ ದಾರಿ ತಪ್ಪುತ್ತದೆ.

ನೀರು ಉಗುರುಬೆಚ್ಚಗೇ ಬರುತ್ತಿತ್ತು. ನಿಮಿಷಕ್ಕೆ 6 ಲೀಟರ್ ಹರಿವಿನಲ್ಲಿ 10.5 ಕಿಲೋವ್ಯಾಟ್ ಕೊಡುವ ಏರಿಕೆ 25 ಡಿಗ್ರಿ. 4 ಡಿಗ್ರಿಯ ನೀರು 29ಕ್ಕೆ ನಿಲ್ಲುತ್ತದೆ. ಡಬ್ಬದ ಮೇಲೆ ಬರೆದ "6 ಲೀಟರ್" ಬೇಸಿಗೆಯ ನೀರಿಗೆ ಸರಿ. ಹರಿವನ್ನು 4 ಲೀಟರ್‌ಗೆ ಇಳಿಸಿದರೆ ಏರಿಕೆ 37-38 ಡಿಗ್ರಿಯಾಗಿ ನೀರು ಬೇಕಾದಷ್ಟು ಬಿಸಿಯಾಗುತ್ತದೆ. ಇದು ಹರಿವಿನ ದೋಷ, ಹೀಟರ್‌ನದಲ್ಲ.

ಎರಡನೆಯದು ಈ ಪರಿಹಾರದ ಬೆನ್ನಿಗೇ ಬಂತು. ಇಂಥ ಹೀಟರ್ ಹೊತ್ತಿಕೊಳ್ಳಲು ಒಂದು ಕನಿಷ್ಠ ಹರಿವು ಬೇಕು, ಸಾಮಾನ್ಯವಾಗಿ ನಿಮಿಷಕ್ಕೆ 2ರಿಂದ 3 ಲೀಟರ್. ಸೋಪು ಹಚ್ಚುವಾಗ ನೀರನ್ನು ಸಣ್ಣಗೆ ಮಾಡಿದರೆ ಉರಿ ಆರುತ್ತದೆ. ಮತ್ತೆ ತಿರುಗಿಸಿದಾಗ ಮೊದಲು ಸುರುಳಿಯಲ್ಲಿ ನಿಂತಿದ್ದ ಕುದಿಬಿಸಿ ನೀರು, ಅದರ ಹಿಂದೆ ಉರಿ ಹೊತ್ತುವಷ್ಟರಲ್ಲಿ ದಾಟಿಹೋದ ತಣ್ಣೀರು, ಆಮೇಲೆ ಹದದ ನೀರು. ನೀರು ಉಳಿಸಲೇಬೇಕಾದ ಜಾಗದಲ್ಲಿ ಈ ಗುಣ ದೊಡ್ಡ ತೊಡಕು.

ಮೂರನೆಯದು ಸಿಲಿಂಡರ್. ಎಲ್‌ಪಿಜಿಯಲ್ಲಿ ಪ್ರೊಪೇನ್, ಬ್ಯೂಟೇನ್ ಎರಡೂ ಬೆರೆತಿರುತ್ತವೆ. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲಿ ಕುದಿಯುತ್ತದೆ, ಬ್ಯೂಟೇನ್ ಮೈನಸ್ 0.5ರಲ್ಲಿ. ಮೈನಸ್ 12ರಲ್ಲಿ ಪ್ರೊಪೇನ್ ಮೊದಲು ಎದ್ದು ಹೋಗುತ್ತದೆ, ಬ್ಯೂಟೇನ್ ಬಹುಪಾಲು ದ್ರವವಾಗಿಯೇ ತಳದಲ್ಲಿ ಉಳಿಯುತ್ತದೆ. ಅಲುಗಾಡಿಸಿದರೆ ಸಿಲಿಂಡರ್ ಅರ್ಧ ತುಂಬಿದಂತೆ ಸದ್ದು ಮಾಡುತ್ತದೆ, ಉರಿ ಮಾತ್ರ ಏಳುವುದಿಲ್ಲ. ಜೊತೆಗೆ ಹೀಟರ್ ಗಂಟೆಗೆ ಸುಮಾರು 1 ಕೆ.ಜಿ. ದರದಲ್ಲಿ ಅನಿಲ ಎಳೆಯುವಾಗ, ಆವಿಯಾಗುವುದಕ್ಕೆಂದೇ ಸಿಲಿಂಡರ್‌ನಿಂದ 100 ವ್ಯಾಟ್‌ನಷ್ಟು ಶಾಖ ಹೋಗುತ್ತದೆ, ಸಣ್ಣ ಸಿಲಿಂಡರ್ ತನ್ನಷ್ಟಕ್ಕೆ ಇನ್ನೂ ತಣ್ಣಗಾಗುತ್ತದೆ. ಪರಿಹಾರ: ಚಳಿಗಾಲಕ್ಕೆ ಶುದ್ಧ ಪ್ರೊಪೇನ್, ದೊಡ್ಡ ಸಿಲಿಂಡರ್. ಸಿಲಿಂಡರ್‌ಗೆ ಉರಿ ತೋರಿಸುವುದು, ಒಲೆಯ ಪಕ್ಕಕ್ಕೆ ತಂದಿಡುವುದು ಯಾವ ಕಾರಣಕ್ಕೂ ಕೂಡದು.

ನಾಲ್ಕನೆಯದು ಹೀಟರನ್ನೇ ಕೊಂದದ್ದು. ಕೊಳವೆಗಳನ್ನು ಬಿಚ್ಚಿ ಬಸಿದಿದ್ದರೂ ಒಳಗಿನ ತಾಮ್ರದ ಸುರುಳಿಯ ತಗ್ಗಿನಲ್ಲಿ ನೀರು ಉಳಿದಿತ್ತು. ನೀರು ಮಂಜುಗಡ್ಡೆಯಾದಾಗ ಅದರ ಗಾತ್ರ ಶೇ. 9ರಷ್ಟು ಹಿಗ್ಗುತ್ತದೆ, ತೆಳು ತಾಮ್ರ ಅದನ್ನು ತಡೆಯದು. ಸೀಳು ಕಣ್ಣಿಗೆ ಕಾಣಿಸುವುದಿಲ್ಲ, ಮುಂದಿನ ಸಲ ನೀರು ಬಿಟ್ಟಾಗ ಬರ್ನರ್ ಮೇಲೆ ತೊಟ್ಟಿಕ್ಕುತ್ತದೆ. ಈ ಹೀಟರ್‌ಗಳ ತಳದಲ್ಲಿ ಬಸಿಯುವ ಬಿರಡೆ ಇರುತ್ತದೆ. ಅದನ್ನು ತೆಗೆದು, ಎರಡೂ ತುದಿ ತೆರೆದಿಟ್ಟು, ಒಂದು ತುದಿಯಿಂದ ಗಾಳಿ ಊದಿದ ಮೇಲೆಯೇ ಖಾಲಿಯಾಯಿತು ಎನ್ನಬೇಕು.

ಹೀಗೆ ಹೆಪ್ಪುಗಟ್ಟುವುದನ್ನು ತಪ್ಪಿಸಲು ಹೀಟರನ್ನು ಬಚ್ಚಲ ಒಳಗೇ ತೂಗುಹಾಕುವ ಯೋಚನೆ ಸಹಜವಾಗಿ ಬರುತ್ತದೆ. ಇದರಿಂದ ಜೀವ ಹೋಗುತ್ತದೆ. 1 ಕೆ.ಜಿ. ಪ್ರೊಪೇನ್ ಪೂರ್ತಿ ಉರಿಯಲು 12-13 ಘನ ಮೀಟರ್ ಗಾಳಿ ಬೇಕು. ಆರು ನಿಮಿಷದ ಸ್ನಾನಕ್ಕೆ 100 ಗ್ರಾಂ ಅನಿಲ, ಅದಕ್ಕೆ 1.3 ಘನ ಮೀಟರ್ ಗಾಳಿ. ಈ ಬಚ್ಚಲಿನಲ್ಲಿ ಇರುವ ಗಾಳಿಯೇ 4 ಘನ ಮೀಟರ್‌ಗಿಂತ ಕಡಿಮೆ. ಮೂರನೇ ಒಂದು ಭಾಗದ ಗಾಳಿಯನ್ನು ಉರಿ ತಿಂದು, ಹೊಗೆಯನ್ನು ಅಲ್ಲೇ ಬಿಟ್ಟಾಗ ಆಮ್ಲಜನಕ ಕುಗ್ಗಿ ಕಾರ್ಬನ್ ಮೊನಾಕ್ಸೈಡ್ ಏರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ಆಮೇಲೆ ಮಂಪರು, ಬಾಗಿಲು ತೆರೆಯುವಷ್ಟೂ ಶಕ್ತಿ ಉಳಿಯುವುದಿಲ್ಲ. ಕಿಟಕಿ ಸ್ವಲ್ಪ ತೆರೆದಿಟ್ಟರೆ ಸಾಕು ಎಂಬ ಸಮಾಧಾನ ಬೇಡ. ಹೊರಗಿನ ಗಾಳಿಯನ್ನೇ ಎಳೆದು ಹೊರಕ್ಕೇ ಬಿಡುವ, ಮುಚ್ಚಿದ ದಹನಕೋಣೆಯ ಹೀಟರ್ ಆದರೆ ಮಾತ್ರ ಒಳಗೆ. ಸೌದೆ ಒಲೆಯೂ ಇರುವುದರಿಂದ ಮೊನಾಕ್ಸೈಡ್ ಅಲಾರಂ ಈ ಕ್ಯಾಬಿನ್‌ನಲ್ಲಿ ಹೇಗೂ ಇರಬೇಕು.

ಒಲೆಯ ಸುರುಳಿ: ಆಕರ್ಷಕ, ಆದರೆ ಇಲ್ಲಿಗೆ ಹೊಂದದು

ಒಲೆ ಹೇಗೂ ಉರಿಯುತ್ತದೆ. ಹಾಗಾದರೆ ಒಲೆಯೊಳಗೆ ತಾಮ್ರದ ಅಥವಾ ಸ್ಟೀಲಿನ ಸುರುಳಿ ಕೂರಿಸಿ, ಮೇಲೊಂದು ಟ್ಯಾಂಕ್ ಇಟ್ಟು, ಬಿಸಿನೀರು ತಾನಾಗಿ ಏರಿ ತಣ್ಣೀರು ತಾನಾಗಿ ಇಳಿಯುವಂತೆ ಮಾಡಬಾರದೇಕೆ? ಈ ವ್ಯವಸ್ಥೆಗೆ ಥರ್ಮೋಸೈಫನ್ ಎನ್ನುತ್ತಾರೆ. ಪಂಪಿಲ್ಲ, ವಿದ್ಯುತ್ತಿಲ್ಲ. ಸರಿಯಾಗಿ ಕಟ್ಟಿದರೆ ದಶಕಗಟ್ಟಲೆ ನಡೆಯುತ್ತದೆ. ಆದ್ದರಿಂದಲೇ ಅದನ್ನು ಏಕೆ ಕೈಬಿಡಲಾಯಿತು ಎಂಬುದನ್ನು ಬಿಡಿಸಿ ಹೇಳಬೇಕು.

ಅದನ್ನು ನಡೆಸುವ ಬಲ ತೀರಾ ಸಣ್ಣದು. 80 ಡಿಗ್ರಿಯ ನೀರಿನ ಸಾಂದ್ರತೆ ಘನ ಮೀಟರಿಗೆ 972 ಕೆ.ಜಿ., 40 ಡಿಗ್ರಿಯದು 992. ಸುರುಳಿಗೂ ಟ್ಯಾಂಕಿಗೂ 1 ಮೀಟರ್ ಎತ್ತರದ ಅಂತರವಿದ್ದರೆ ಈ 20 ಕೆ.ಜಿ. ವ್ಯತ್ಯಾಸ ಕೊಡುವ ಒತ್ತಡ ನೀರಿನ 20 ಮಿಲಿಮೀಟರ್ ಎತ್ತರದಷ್ಟು ಮಾತ್ರ. ಆದ್ದರಿಂದ ಕೊಳವೆ 22 ಮಿಲಿಮೀಟರ್‌ಗಿಂತ ಸಣ್ಣದಿರಬಾರದು, 28 ಆದರೆ ಒಳ್ಳೆಯದು. ಬಿಸಿನೀರಿನ ಕೊಳವೆ ಸುರುಳಿಯಿಂದ ಟ್ಯಾಂಕಿನವರೆಗೆ ಎಡೆಬಿಡದೆ ಏರುತ್ತಲೇ ಹೋಗಬೇಕು. ಎಲ್ಲಾದರೂ ಒಂದು ಬೆರಳಿನಷ್ಟು ತಗ್ಗಿ ಮತ್ತೆ ಏರಿದರೆ ಆ ಉಬ್ಬಿನಲ್ಲಿ ಗಾಳಿ ಕೂತು ಹರಿವೇ ನಿಂತುಹೋಗುತ್ತದೆ. ಹರಿವು ನಿಂತ ಸುರುಳಿಯಲ್ಲಿ ನೀರು ಹಬೆಯಾಗುತ್ತದೆ. ಒಂದು ಲೀಟರ್ ನೀರು ಸುಮಾರು 1,700 ಲೀಟರ್ ಹಬೆಯಾಗಿ ಹಿಗ್ಗುತ್ತದೆ.

ಇಲ್ಲೇ ಅಪಾಯದ ತಿರುಳು. ಸುರುಳಿಯಿಂದ ಆಕಾಶಕ್ಕೆ ತೆರೆದ ದಾರಿ, ಅಂದರೆ ವೆಂಟ್ ಪೈಪ್, ಯಾವಾಗಲೂ ಇರಬೇಕು. ಅದರ ನಡುವೆ ಯಾವ ವಾಲ್ವೂ ಇರಬಾರದು. ಖಾಲಿ ಬಿಟ್ಟ ಕ್ಯಾಬಿನ್‌ನಲ್ಲಿ ಆ ವೆಂಟ್ ಪೈಪಿನ ನೀರೇ ಹೆಪ್ಪುಗಟ್ಟಿ ಬಿರಡೆಯಾಗುತ್ತದೆ. ಶುಕ್ರವಾರ ರಾತ್ರಿ ಚಳಿಯಲ್ಲಿ ನಡುಗುತ್ತ ಬಂದವರು ಮೊದಲು ಮಾಡುವ ಕೆಲಸ ಒಲೆ ಹೊತ್ತಿಸುವುದು. ಸುರುಳಿಯ ಎರಡೂ ಕಡೆ ಮಂಜುಗಡ್ಡೆ, ನಡುವೆ ಬೆಂಕಿ. ಒಲೆ ಸಿಡಿಯಲು ಇದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ. ಒತ್ತಡ ಮಿತಿ ಮೀರಿದಾಗ ತೆರೆದುಕೊಳ್ಳುವ ಪ್ರೆಶರ್ ರಿಲೀಫ್ ವಾಲ್ವ್ ಹಾಕಿದ್ದರೂ ಅದು ಮಂಜುಗಡ್ಡೆಯ ಆಚೆ ಬದಿಯಲ್ಲಿದ್ದರೆ ಪ್ರಯೋಜನವಿಲ್ಲ.

ಹಾಗಾದರೆ ಹೊರಡುವಾಗ ಸುರುಳಿಯನ್ನು ಪೂರ್ತಿ ಬಸಿದುಬಿಡೋಣ ಎಂದರೆ ಇನ್ನೊಂದು ತೊಡಕು. ಬಂದ ಕೂಡಲೇ ಒಲೆ ಹೊತ್ತಿಸಿದರೆ ಸುರುಳಿ ನೀರಿಲ್ಲದೆ ಕಾಯುತ್ತದೆ. ನೀರಿದ್ದಾಗ 100 ಡಿಗ್ರಿ ದಾಟದ ತಾಮ್ರ, ಖಾಲಿ ಇದ್ದಾಗ ಉರಿಯ ಶಾಖಕ್ಕೇ ಏರುತ್ತದೆ. ಸಾಮಾನ್ಯ ಬೆಸುಗೆ 230 ಡಿಗ್ರಿ ಆಸುಪಾಸಿನಲ್ಲಿ ಕರಗಿ ಜೋಡಣೆ ಬಿಚ್ಚುತ್ತದೆ. ಕಾದ ಸುರುಳಿಗೆ ಆಮೇಲೆ ನೀರು ಬಿಟ್ಟರೆ ಅದು ತಟ್ಟನೆ ಹಬೆಯಾಗಿ ಕೊಳವೆಯಿಂದ ಹೊರಕ್ಕೆ ಉಗುಳುತ್ತದೆ. ಇದರ ಮೇಲೆ, ಉರಿಕೋಣೆಯೊಳಗಿನ ತಣ್ಣನೆಯ ಸುರುಳಿ ಬೆಂಕಿಯನ್ನು ತಣಿಸಿ ಹೊಗೆ ಹೆಚ್ಚಿಸುತ್ತದೆ. ಹೊಗೆಕೊಳವೆಗೆ ಸುತ್ತಿದ ಸುರುಳಿ ಹೊಗೆಯನ್ನು 120 ಡಿಗ್ರಿಗಿಂತ ಕೆಳಗಿಳಿಸಿದರೆ ಚಿಮಣಿಯೊಳಗೆ ಜಿಡ್ಡು ಕ್ರಿಯೋಸೋಟ್ ಹತ್ತಿ, ಮುಂದೊಂದು ದಿನ ಚಿಮಣಿಗೇ ಬೆಂಕಿ ಹೊತ್ತಿಕೊಳ್ಳುತ್ತದೆ.

ಇಡೀ ಚಳಿಗಾಲ ಜನರಿದ್ದು ಒಲೆ ಆರದ ಮನೆಗೆ ಥರ್ಮೋಸೈಫನ್ ಅತ್ಯುತ್ತಮ. ವಾರಕ್ಕೆ ಐದು ದಿನ ಹೆಪ್ಪುಗಟ್ಟುವ ಕ್ಯಾಬಿನ್‌ಗೆ ಅದು ಕೂಡದು.

ಆಯ್ಕೆಯಾದದ್ದು

ಒಲೆಯ ಮೇಲೆ ಕೂರುವ, ಸಡಿಲ ಮುಚ್ಚಳದ ಸ್ಟೀಲ್ ಹಂಡೆ. ನೆಲದ ಮೇಲೆ ನೀರು ಹದ ಮಾಡುವ ಬಕೆಟ್. ಅದರಿಂದ ಶವರಿಗೆ ಎತ್ತುವ 12 ವೋಲ್ಟ್ ಪಂಪು. ಇಷ್ಟೇ. ಎಲ್ಲೂ ಒತ್ತಡವಿಲ್ಲ, ಉರಿಯೊಳಗೆ ನೀರಿಲ್ಲ, ಮುಚ್ಚಿದ ಕೊಳವೆಯಿಲ್ಲ, ಐದು ನಿಮಿಷದಲ್ಲಿ ಎಲ್ಲವನ್ನೂ ಖಾಲಿ ಮಾಡಬಹುದು.

ಹಂಡೆಯ ತಳ 40 × 30 ಸೆಂಟಿಮೀಟರ್, ಎತ್ತರ 30. 36 ಲೀಟರ್ ಹಿಡಿಯುತ್ತದೆ, 32 ಲೀಟರ್ ತುಂಬಿಸುವುದು. ಇದನ್ನು 70 ಡಿಗ್ರಿಗೆ ಕಾಯಿಸಿದರೆ ಇಬ್ಬರಿಗೆ ಸಾಕು. ಲೆಕ್ಕ ಹೀಗೆ: ಬೇಕಾದ ಬಿಸಿನೀರು = ಒಟ್ಟು ನೀರು × (ಬೇಕಾದ ತಾಪ − ತಣ್ಣೀರಿನ ತಾಪ) ÷ (ಹಂಡೆಯ ತಾಪ − ತಣ್ಣೀರಿನ ತಾಪ). 25 × 38 ÷ 66 ಅಂದರೆ 14.4 ಲೀಟರ್ ಬಿಸಿನೀರು, ಅದಕ್ಕೆ 10.6 ಲೀಟರ್ ತಣ್ಣೀರು. ಎರಡು ಸ್ನಾನಕ್ಕೆ 28.8 ಲೀಟರ್. ನಲ್ಲಿ ತಳದಿಂದ ತುಸು ಮೇಲಿರುವುದರಿಂದ ಸುಮಾರು 2 ಲೀಟರ್ ಹಂಡೆಯಲ್ಲೇ ಉಳಿಯುತ್ತದೆ. ಅದು ಒಳ್ಳೆಯದೇ, ತಳ ಒಣಗುವುದಿಲ್ಲ.

32 ಲೀಟರನ್ನು 4ರಿಂದ 70ಕ್ಕೆ ಏರಿಸಲು 2.5 ಯೂನಿಟ್ ಬೇಕು. ಎಷ್ಟು ಹೊತ್ತು ಎಂಬುದು ಒಲೆಯಿಂದ ಒಲೆಗೆ ಬೇರೆ. ಹಂಡೆ ಮಾಡಿಸುವ ಮುನ್ನ ಒಂದು ಪರೀಕ್ಷೆ ಮಾಡಿ: ಚಪ್ಪಟೆ ತಳದ ಪಾತ್ರೆಯಲ್ಲಿ 5 ಲೀಟರ್ ನೀರು ಒಲೆಯ ಮೇಲಿಟ್ಟು, ಮುಚ್ಚಿ, 30 ಡಿಗ್ರಿ ಏರಲು ಹಿಡಿಯುವ ಸಮಯ ನೋಡಿ. ಅದಕ್ಕೆ ಬೇಕಾದದ್ದು 174 ವ್ಯಾಟ್-ಅವರ್. 15 ನಿಮಿಷ ಹಿಡಿದರೆ ಆ ಪಾತ್ರೆಗೆ ಇಳಿಯುತ್ತಿರುವುದು 0.7 ಕಿಲೋವ್ಯಾಟ್. ತಳದ ವಿಸ್ತೀರ್ಣದ ಅನುಪಾತದಲ್ಲಿ ಹಂಡೆಗೆ ಎಷ್ಟೆಂದು ಅಂದಾಜು ಸಿಗುತ್ತದೆ. 1 ಕಿಲೋವ್ಯಾಟ್ ಇಳಿದರೆ ಎರಡೂವರೆ ಗಂಟೆ. ಒಣಗಿದ ಸೌದೆ ಕೆ.ಜಿ.ಗೆ ಸುಮಾರು 4 ಯೂನಿಟ್ ಶಾಖ ಕೊಡುತ್ತದೆ, ಹಾಗಾಗಿ ಸ್ನಾನದ ನೀರಿಗೆಂದು ಹೆಚ್ಚು ಹಾಕಬೇಕಾದ ಸೌದೆ ಒಂದು ಕೆ.ಜಿ. ಆಸುಪಾಸು. ಹಸಿ ಸೌದೆಯಾದರೆ ಈ ಲೆಕ್ಕ ಯಾವುದೂ ನಡೆಯದು.

ತಳ 3 ಮಿಲಿಮೀಟರ್ ದಪ್ಪ ಇರಲಿ. ತೆಳು ತಳ ಮೊದಲ ಉರಿಗೇ ಉಬ್ಬಿ, ಒಲೆಗೂ ಅದಕ್ಕೂ ನಡುವೆ ಗಾಳಿಯ ಪದರ ಬಂದು, ಕಾಯುವ ಸಮಯ ಎಷ್ಟೋ ಹೆಚ್ಚುತ್ತದೆ. ತುಂಬಿದ ಹಂಡೆ 40 ಕೆ.ಜಿ. ತೂಗುತ್ತದೆ. ಒಲೆಯ ಮೇಲ್ತಟ್ಟೆ, ಕಾಲುಗಳು ಅಷ್ಟು ಹೊರುತ್ತವೆಯೇ ಎಂದು ತಯಾರಕರ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಒಲೆಯ ಅಂಚಿಗೆ ಒಂದು ಪಟ್ಟಿ ಬಡಿದರೆ ಹಂಡೆ ಜಾರುವುದಿಲ್ಲ. ಮುಚ್ಚಳ ಬೇಕೇ ಬೇಕು. 70 ಡಿಗ್ರಿಯ ತೆರೆದ ನೀರಿನಿಂದ ಒಂದು ಲೀಟರ್ ಆವಿಯಾದರೆ 0.64 ಯೂನಿಟ್ ಹೋದಂತೆ, ಒಟ್ಟು ಶಾಖದ ಕಾಲು ಭಾಗ. ಆದರೆ ಮುಚ್ಚಳ ಸಡಿಲವಾಗಿರಬೇಕು, ಅದರಲ್ಲಿ 10 ಮಿಲಿಮೀಟರ್ ತೂತು ಇರಬೇಕು. ಕ್ಲಿಪ್ ಹಾಕಿ ಬಿಗಿಯುವ ಮುಚ್ಚಳ ಬೇಡವೇ ಬೇಡ.

ನಲ್ಲಿ ಅರ್ಧ ಇಂಚಿನ ಬಾಲ್ ವಾಲ್ವ್, ಅಂದರೆ ಒಳಗಿನ ತೂತಿನ ಗೋಲಿ ತಿರುಗಿ ತೆರೆದು ಮುಚ್ಚುವಂಥದ್ದು. ಹಂಡೆಯ ಗೋಡೆಯಿಂದ 10 ಸೆಂಟಿಮೀಟರ್ ಹೊರಚಾಚಿ, ಒಲೆಯ ಅಂಚು ದಾಟಿ ಇರಲಿ, ಹೊಗೆಕೊಳವೆಯ ಎದುರು ಬದಿಯಲ್ಲಿ. ಅಲ್ಲಿಂದ ಬಕೆಟ್‌ಗೆ ಸಿಲಿಕೋನ್ ಹೋಸ್. ಸಾಮಾನ್ಯ ಪಿವಿಸಿ ಹೋಸ್ 60 ಡಿಗ್ರಿ ದಾಟಿದರೆ ಮೆತ್ತಗಾಗಿ ನಲ್ಲಿಯಿಂದ ಕಳಚಿಕೊಳ್ಳುತ್ತದೆ, ಕಳಚಿದ ಹೋಸ್‌ನಿಂದ 70 ಡಿಗ್ರಿಯ ನೀರು ಕಾಲ ಮೇಲೆ ಬೀಳುತ್ತದೆ. ಹೋಸ್‌ಗೆ ಕ್ಲಾಂಪ್ ಹಾಕಿಯೇ ಇರಬೇಕು. ಬಿಸಿ ಹಂಡೆಯನ್ನು ಎತ್ತುವ ಪ್ರಸಂಗವೇ ಬರಬಾರದು ಎಂದೇ ಈ ನಲ್ಲಿ.

ಬಕೆಟ್ಟೇ ಈ ವ್ಯವಸ್ಥೆಯ ಜೀವ

30 ಲೀಟರ್‌ನ, ಒಳಗೆ ಅಳತೆಗೆರೆ ಹಾಕಿದ, ಪಾಲಿಪ್ರೊಪಿಲೀನ್ ಅಥವಾ ಸ್ಟೀಲ್ ಬಕೆಟ್. ಸ್ನಾನಕ್ಕೆ ಮೊದಲೇ ನೀರು ಇಲ್ಲಿ 42 ಡಿಗ್ರಿಗೆ ಬರುವುದರಿಂದ ಹಲವು ತೊಂದರೆಗಳು ಹುಟ್ಟುವುದೇ ಇಲ್ಲ. 60 ಡಿಗ್ರಿಯ ನೀರು ಚರ್ಮವನ್ನು ಐದಾರು ಸೆಕೆಂಡಿನಲ್ಲಿ ಸುಡುತ್ತದೆ. ಬಕೆಟ್ಟಿನಲ್ಲಿ ಹದ ಮಾಡಿದ ಮೇಲೆ ಶವರಿಗೆ ಅಂಥ ನೀರು ತಲುಪುವ ದಾರಿಯೇ ಇಲ್ಲ. ಬಿಸಿನೀರು ತಣ್ಣೀರನ್ನು ತಾನೇ ಹದವಾಗಿ ಬೆರೆಸುವ ಥರ್ಮೋಸ್ಟಾಟಿಕ್ ಮಿಕ್ಸರ್ ಬೇಕಿಲ್ಲ. ಅದು ಸರಿಯಾಗಿ ನಡೆಯಲು ಬಿಸಿನೀರಿಗೂ ತಣ್ಣೀರಿಗೂ ಹೆಚ್ಚುಕಡಿಮೆ ಸಮ ಒತ್ತಡ ಬೇಕು, ಮೇಲಾಗಿ ಅದರೊಳಗಿನ ಕಾರ್ಟ್ರಿಡ್ಜ್ ಬಸಿದಷ್ಟೂ ನೀರು ಉಳಿಸಿಕೊಂಡು ಹಿಮಕ್ಕೆ ಸೀಳುವಂಥದ್ದು. ಬಿಸಿನೀರಿಗೆ ತಾಳದ ಸಣ್ಣ ಡಯಾಫ್ರಾಂ (ಬಾಗುವ ಪೊರೆಯ) ಪಂಪುಗಳೂ ಹದದ ನೀರನ್ನಾದರೆ ನಿರಾಯಾಸವಾಗಿ ಎಳೆಯುತ್ತವೆ.

ಬೆರೆಸುವ ಕ್ರಮ ಮುಖ್ಯ. ಮೊದಲು ಬಿಸಿನೀರು 14 ಲೀಟರ್ ಗೆರೆಯವರೆಗೆ, ಆಮೇಲೆ ಮೇಲಿಂದ ತಣ್ಣೀರು. ತಣ್ಣೀರು ಭಾರ, ಇಳಿಯುತ್ತ ತಾನೇ ಬೆರೆಯುತ್ತದೆ. ತಣ್ಣೀರಿನ ಮೇಲೆ ಬಿಸಿನೀರು ನಿಧಾನವಾಗಿ ಬಿಟ್ಟರೆ ಅದು ಮೇಲೇ ಪದರವಾಗಿ ನಿಲ್ಲುತ್ತದೆ: ಥರ್ಮಾಮೀಟರ್ 45 ತೋರಿಸುತ್ತದೆ, ತಳದಿಂದ ಎಳೆಯುವ ಪಂಪು ಮೈಮೇಲೆ ಸುರಿಯುವುದು 20 ಡಿಗ್ರಿಯ ನೀರು. ಏನೇ ಆದರೂ ಕೋಲಿನಿಂದ ಕಲಕಿ, ತಳದ ಹತ್ತಿರ ತಾಪ ನೋಡಿ, ಆಮೇಲೆ ಪಂಪಿನ ಸ್ವಿಚ್ಚು. ಮಕ್ಕಳಿರುವ ಕಡೆ ಬಿಸಿನೀರು ಮಾತ್ರ ಇರುವ ಬಕೆಟ್ಟನ್ನು ಒಂದು ಕ್ಷಣವೂ ಬಿಟ್ಟು ಹೋಗಬಾರದು.

ಪಂಪು ನಿಮಿಷಕ್ಕೆ 4 ಲೀಟರ್ ಆಸುಪಾಸಿನ, ಪ್ರೆಶರ್ ಸ್ವಿಚ್ ಇರುವ ಡಯಾಫ್ರಾಂ ಪಂಪು; 3-4 ಆಂಪಿಯರ್ ಎಳೆಯುತ್ತದೆ. 25 ಲೀಟರ್ ಆರು ನಿಮಿಷಕ್ಕೆ ಬರುತ್ತದೆ. ಬ್ಯಾಟರಿಯಿಂದ 5 ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರ್ ತಂತಿ ಸಾಕು, ಹೋಗಿ ಬರುವ ದಾರಿಯಲ್ಲಿ ವೋಲ್ಟೇಜ್ ನಷ್ಟ 0.3 ಒಳಗೇ. ಬ್ಯಾಟರಿಯ ಪಕ್ಕದಲ್ಲೇ 7.5 ಆಂಪಿಯರ್ ಫ್ಯೂಸ್. ಶವರ್ ಹಿಡಿಯಲ್ಲಿ ನೀರು ನಿಲ್ಲಿಸುವ ಗುಂಡಿ ಇರಲಿ. ಒತ್ತಿದರೆ ಒತ್ತಡ ಏರಿ ಪಂಪು ತಾನೇ ನಿಲ್ಲುತ್ತದೆ.

ಇಲ್ಲಿ ಒಂದು ತಪ್ಪು ಆಗಾಗ ಆಗುತ್ತದೆ. ನೀರು ಉಳಿಸುವ ಆಸೆಯಿಂದ ತೀರಾ ಸಣ್ಣ ತೂತಿನ ಶವರ್ ಹಾಕುತ್ತಾರೆ. ಪಂಪು ತಳ್ಳುವಷ್ಟನ್ನು ಅದು ಬಿಡದೆ, ಒತ್ತಡ ಏರಿ ಸ್ವಿಚ್ ಆರಿ, ಇಳಿದು ಹೊತ್ತಿ, ಸೆಕೆಂಡಿಗೊಮ್ಮೆ ಟಕ್ ಟಕ್ ಎಂದು ಕುಟ್ಟುತ್ತದೆ. ಸ್ವಿಚ್ಚಿನ ಸಂಪರ್ಕಗಳು ಸುಟ್ಟುಹೋಗುತ್ತವೆ. ಇದಕ್ಕೆ ಪ್ರೆಶರ್ ಟ್ಯಾಂಕ್ ಸೇರಿಸುವುದು ಸಾಮಾನ್ಯ ಸಲಹೆ, ಆದರೆ ಇಲ್ಲಿ ಅದು ನೀರು ಹಿಡಿದಿಡುವ ಇನ್ನೊಂದು ಡಬ್ಬ, ಹಿಮಕ್ಕೆ ಇನ್ನೊಂದು ಬಲಿ. ಶವರ್‌ನ ಹರಿವು ಪಂಪಿನ ಹರಿವಿಗೆ ಸಮ ಇರುವಂತೆ ಆರಿಸಿದರೆ ಮುಗಿಯಿತು.

ಸ್ನಾನದ ಜಾಗವನ್ನೂ ಒಲೆಯ ಶಾಖಕ್ಕೆ ತೆರೆದಿಡಬೇಕಾಯಿತು. ಬಚ್ಚಲ ಗಾಳಿ 8 ಡಿಗ್ರಿ ಇದ್ದಾಗ 42ರ ನೀರೂ ಸುಖ ಕೊಡುವುದಿಲ್ಲ. ನೀರು ನಿಲ್ಲಿಸಿದ ಕ್ಷಣ ಒದ್ದೆ ಮೈಯಿಂದ ಆವಿ ಎದ್ದು ಚಳಿ ಹತ್ತುತ್ತದೆ, ಆಗ ಯಾರೂ ಸೋಪು ಹಚ್ಚುವಾಗ ನೀರು ನಿಲ್ಲಿಸುವುದಿಲ್ಲ, 25 ಲೀಟರಿನ ಲೆಕ್ಕ ಅಲ್ಲೇ ಕುಸಿಯುತ್ತದೆ. ಬಚ್ಚಲ ಬಾಗಿಲನ್ನು ಸ್ನಾನಕ್ಕೆ ಒಂದು ಗಂಟೆ ಮೊದಲೇ ಕೋಣೆಯ ಕಡೆ ತೆರೆದಿಟ್ಟು 20 ಡಿಗ್ರಿ ಮುಟ್ಟಿಸುವುದು, ಸ್ನಾನವಾದ ಮೇಲೆ ಹತ್ತು ನಿಮಿಷ ಕಿಟಕಿ ತೆರೆದು ತೇವ ಹೊರಗೆ ಬಿಡುವುದು.

ಬಳಸಿದ ನೀರು

ಇದನ್ನು ಮರೆತವರ ಬಚ್ಚಲು ಎರಡನೇ ವಾರವೇ ಕಟ್ಟಿಕೊಳ್ಳುತ್ತದೆ. ನಿಮಿಷಕ್ಕೆ 4 ಲೀಟರಿನ ತೆಳು ಹರಿವು ಮೈನಸ್ 12ರ ಕೊಳವೆಯಲ್ಲಿ ಹೋಗುವಾಗ ತಳದಲ್ಲಿ ಪದರ ಪದರವಾಗಿ ಹೆಪ್ಪುಗಟ್ಟುತ್ತ ಬರುತ್ತದೆ. ಅದೇ 25 ಲೀಟರ್ ಒಟ್ಟಿಗೆ, ಇನ್ನೂ ಬೆಚ್ಚಗಿರುವಾಗ ಹೋದರೆ ಕೊಳವೆಯನ್ನು ತೊಳೆದುಕೊಂಡೇ ಹೋಗುತ್ತದೆ. ಆದ್ದರಿಂದ ಶವರ್ ತಟ್ಟೆಯ ಕೆಳಗೆ, ಬೆಚ್ಚಗಿನ ಕೋಣೆಯೊಳಗೇ, 50 ಲೀಟರ್‌ನ ತೊಟ್ಟಿ. ಅದಕ್ಕೆ 40 ಮಿಲಿಮೀಟರ್ ಬಾಲ್ ವಾಲ್ವ್. ಸ್ನಾನ ಮುಗಿದ ಕೂಡಲೇ ಒಮ್ಮೆಗೇ ತೆರೆಯಬೇಕು. ಕೊಳವೆಗೆ 40ಕ್ಕೆ 1ರ ಇಳಿಜಾರು, ನಡುವೆ ಎಲ್ಲೂ ನೀರು ನಿಲ್ಲುವ ಬಾಗು ಇರಬಾರದು. ವಾಸನೆ, ಇಲಿ, ತಣ್ಣನೆಯ ಗಾಳಿ ತಡೆಯಲು, ಬಾಗಿನಲ್ಲಿ ನೀರು ನಿಲ್ಲಿಸಿಕೊಳ್ಳುವ ಸಾಮಾನ್ಯ ಟ್ರ್ಯಾಪ್ ಬದಲು ಸಿಲಿಕೋನ್ ಪೊರೆಯ ಒಣ ಟ್ರ್ಯಾಪ್. ಇಂಗುಗುಂಡಿ ನೆಲ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗಿರಬೇಕು, ಕುಡಿಯುವ ನೀರಿನ ಮೂಲದಿಂದ ದೂರ. ಎಷ್ಟು ದೂರ ಎಂಬುದಕ್ಕೆ ಆಯಾ ಸ್ಥಳದ ನಿಯಮವೇ ಪ್ರಮಾಣ.

ಬಂದಾಗ, ಹೊರಡುವಾಗ

ಬಂದ ರಾತ್ರಿ: ಹಂಡೆಗೆ ಮೊದಲು ನೀರು, ಆಮೇಲೆ ಉರಿ. ಖಾಲಿ ಹಂಡೆಯನ್ನು ಕಾದ ಒಲೆಯ ಮೇಲೆ ಬಿಟ್ಟು ಆಮೇಲೆ ತಣ್ಣೀರು ಸುರಿದರೆ ಹಬೆ ಮುಖಕ್ಕೆ ಬಡಿಯುತ್ತದೆ, ತಳವೂ ಡೊಂಕಾಗುತ್ತದೆ. ಶುರುವಿಗೆ 10 ಲೀಟರ್ ಹಾಕಿದರೆ ಒಂದು ಗಂಟೆಯೊಳಗೆ ಕೈಕಾಲು ಮುಖಕ್ಕೆ ಬಿಸಿನೀರು ಸಿಗುತ್ತದೆ, ಕೋಣೆಯೂ ಬೇಗ ಬೆಚ್ಚಗಾಗುತ್ತದೆ. ಉಳಿದದ್ದನ್ನು ಆಮೇಲೆ ಚೊಂಬಿನಿಂದ ತುಂಬಿಸಿಕೊಳ್ಳಬಹುದು. ಪಂಪನ್ನು ಓಡಿಸುವ ಮೊದಲು ಕೋಣೆ 5 ಡಿಗ್ರಿಯಾದರೂ ದಾಟಿರಲಿ. ಹೆಪ್ಪುಗಟ್ಟಿದ ಡಯಾಫ್ರಾಂ ಎಳೆದರೆ ಕಿತ್ತುಹೋಗುತ್ತದೆ. ಬ್ಯಾಟರಿಯ ವಿಷಯದಲ್ಲೂ ಅಷ್ಟೇ: ಸೊನ್ನೆಗಿಂತ ಕೆಳಗೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು, ಅದನ್ನು ತಡೆಯುವ ಸರ್ಕ್ಯೂಟ್ ಒಳಗಿದೆಯೇ ಎಂದು ಖಚಿತ ಮಾಡಿಕೊಳ್ಳಿ.

ಹೊರಡುವಾಗಿನ ಕೆಲಸ ಒಲೆ ಇನ್ನೂ ಬೆಚ್ಚಗಿರುವಾಗಲೇ ಆಗಬೇಕು. ಹಂಡೆಯನ್ನು ನಲ್ಲಿಯಿಂದ ಖಾಲಿ ಮಾಡಿ, ಉಳಿದ 2 ಲೀಟರನ್ನು ಬಟ್ಟೆಯಿಂದ ಹೀರಿ ತೆಗೆಯಿರಿ. ನಲ್ಲಿಯ ಹಿಡಿಯನ್ನು ಅರ್ಧ ತಿರುಗಿಸಿ ಬಿಡಿ. ಬಾಲ್ ವಾಲ್ವ್ ಪೂರ್ತಿ ಮುಚ್ಚಿದ್ದರೆ ಗೋಲಿಯ ತೂತಿನೊಳಗೆ ಒಂದು ಗುಟುಕು ನೀರು ಸಿಕ್ಕಿಕೊಳ್ಳುತ್ತದೆ, ಹಿತ್ತಾಳೆಯ ಮೈ ಸೀಳಲು ಅಷ್ಟು ಸಾಕು. 40 ಮಿಲಿಮೀಟರಿನ ವಾಲ್ವಿಗೂ ಇದೇ ಮಾತು. ಪಂಪಿನ ಹೀರುಕೊಳವೆಯನ್ನು ಬಕೆಟ್ಟಿನಿಂದ ಎತ್ತಿ, ಶವರ್ ತೆರೆದು ನೆಲಕ್ಕೆ ಇಳಿಬಿಟ್ಟು, ಅರ್ಧ ನಿಮಿಷ ಒಣದಾಗಿ ಓಡಿಸಿ. ಆದರೂ ಪಂಪಿನ ಕೋಣೆಗಳಲ್ಲಿ ಹನಿ ಉಳಿಯುತ್ತದೆ, ಒಳಗಿನ ಕವಾಟಗಳು ನೀರನ್ನು ಹಿಂದಕ್ಕೆ ಬಿಡುವುದಿಲ್ಲ. ಆದ್ದರಿಂದ ಅರ್ಧ ಲೀಟರ್ ಪ್ರೊಪಿಲೀನ್ ಗ್ಲೈಕಾಲ್ ಹಿಮನಿರೋಧಕವನ್ನು ಎಳೆಸಿ, ಶವರಿನಿಂದ ಬಣ್ಣದ ದ್ರವ ಬಂದ ಮೇಲೆ ನಿಲ್ಲಿಸಿ. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಸ್ನಾನದ ಕೊಳವೆಗೆ ಅದು ಸಲ್ಲದು. ಪಂಪಿನ ಮುಂದಿನ ಜಾಲರಿ ಬಟ್ಟಲನ್ನು ತಿರುಗಿಸಿ ತೆಗೆದು, ಬೋರಲು ಹಾಕಿ. ಚಳಿಗಾಲದಲ್ಲಿ ಅತಿ ಹೆಚ್ಚು ಒಡೆಯುವ ಭಾಗ ಇದೇ, ಏಕೆಂದರೆ ಇದು ಯಾರ ಕಣ್ಣಿಗೂ ನೀರಿನ ಪಾತ್ರೆಯಂತೆ ಕಾಣುವುದಿಲ್ಲ.

200 ಲೀಟರ್ ತೊಟ್ಟಿಯ ಉಳಿದ ನೀರನ್ನು ಹೊರಗೆ ಬಿಡಲು ಮನಸ್ಸು ಬಾರದು, ಹೊತ್ತು ತಂದದ್ದು. ಆದರೂ ಬಿಡಬೇಕು. ಹೆಪ್ಪುಗಟ್ಟಿದ 100 ಲೀಟರ್ ಕರಗಲು ಮುಂದಿನ ಸಲ ಒಂದು ಇಡೀ ದಿನದ ಒಲೆ ಸಾಲದು. ಬಕೆಟ್ಟಿನಲ್ಲಿ ಉಳಿದ ಹದದ ನೀರನ್ನೂ ಮರುದಿನಕ್ಕೆಂದು ಇಡಬೇಡಿ: ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವುದು 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ, ಶವರಿನ ತುಂತುರಿನ ಮೂಲಕ ಅದು ಶ್ವಾಸಕೋಶ ಸೇರುತ್ತದೆ.

ಈ ವ್ಯವಸ್ಥೆಯ ಮಿತಿ

ನಾಲ್ವರು ಬಂದರೆ ಎರಡನೇ ಹಂಡೆ ಕಾಯಲು ಮತ್ತೆ ಎರಡೂವರೆ ಗಂಟೆ. ಇಬ್ಬರು ಸಂಜೆ, ಇಬ್ಬರು ಬೆಳಿಗ್ಗೆ ಎಂದು ಹಂಚಿಕೊಳ್ಳಬೇಕು, ಅಥವಾ ಹಂಡೆಯನ್ನು 85 ಡಿಗ್ರಿಗೆ ಏರಿಸಬೇಕು. 85 ಡಿಗ್ರಿಯಲ್ಲಿ ಒಬ್ಬರಿಗೆ ಬೇಕಾದ ಬಿಸಿನೀರು 14.4ರಿಂದ 11.7 ಲೀಟರಿಗೆ ಇಳಿಯುತ್ತದೆ, ಒಂದೇ ಹಂಡೆಯಲ್ಲಿ ಎರಡರ ಬದಲು ಎರಡೂವರೆ ಸ್ನಾನ. ನಾಲ್ವರಿಗೆ ಆಗಲೂ ಸಾಲದು. ಒಲೆಯ ಮೇಲೆ ಉಳಿದ ಜಾಗದಲ್ಲಿ 10 ಲೀಟರಿನ ಇನ್ನೊಂದು ಪಾತ್ರೆ ಇಟ್ಟು, ತಲಾ 20 ಲೀಟರಿಗೆ ಇಳಿಸಿದರೆ ಸರಿಹೋಗುತ್ತದೆ. ಒಲೆ ಹಚ್ಚದ ದಿನಗಳಿಗೆ ಹೊಸ ಗ್ಯಾಸ್ ಹೀಟರೊಂದು ಇರಬಹುದು: ಹೊರಗೆ ಸೂರಿನ ಕೆಳಗೆ, ಕೈಯಿಂದ ಕಳಚುವ ಜೋಡಣೆಗಳೊಂದಿಗೆ, ಅದೇ ಬಕೆಟ್ ಮತ್ತು ಪಂಪಿನಿಂದ ತಣ್ಣೀರು ಎಳೆದುಕೊಂಡು. ನಿಮಿಷಕ್ಕೆ 4 ಲೀಟರಿನ ಆ ಪಂಪು ಅದರ ಹರಿವನ್ನು ಬೇಕಾದ ಮಟ್ಟದಲ್ಲೇ ಹಿಡಿದಿಡುತ್ತದೆ. ಮೊದಲ ಹಿಮ ಬೀಳುವ ಮುನ್ನ ಅದನ್ನು ಬಿರಡೆ ತೆಗೆದು, ಊದಿ, ಒಳಗೆ ತಂದಿಡಬೇಕು.